ಬೆಳೆ ಕಾಯುವ ಬಂದೂಕಿನ ಟ್ರಿಗರ್ ಕೆಟ್ಟರೆ ಎಲ್ಲಿ ನೋಡಬೇಕು?

ಬೀಳಗಿ ತಾಲೂಕಿನಲ್ಲಿ ಮಳೆ ನಂಬಿ ಬಿಳಿಜೋಳ, ಕಡಲಿ, ಕುಸುಬಿ ಬೆಳೆಯುವ ನಮಗೆ ಹಂದಿ ಕಾಟ ಹೊಸದಲ್ಲ. ಮುಧೋಳ, ಜಮಖಂಡಿ ಕಡೆ ನೀರಾವರಿಯಾಗಿ ಕಬ್ಬು ಹೆಚ್ಚಿದ ಮೇಲೆ ಇನ್ನೂ ಜೋರಾಗಿದೆ. ಹಗಲೆಲ್ಲ ಕಬ್ಬಿನಲ್ಲಿ ಮಲಗಿರುತ್ತವೆ, ರಾತ್ರಿ ಊಟಕ್ಕೆ ನಮ್ಮ ಹೊಲಕ್ಕೆ ಬರುತ್ತವೆ. ಅದಕ್ಕೇ ನಮ್ಮಂಥ ಕೆಲವರ ಮನೆಯಲ್ಲಿ ಅಪ್ಪನ ಕಾಲದ ಬಂದೂಕು ಇದೆ. ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹಾರಿಸುವಂಥದ್ದು. ಪರವಾನಗಿ ಈಗ ನನ್ನ ಹೆಸರಿನಲ್ಲಿದೆ.

ಕೂರಿಗೆ, ಕುಂಟಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬಂದೂಕಿನ ಬಗ್ಗೆ ಯಾರೂ ಬರೆಯುವುದಿಲ್ಲ, ಮಾತಾಡಲಿಕ್ಕೂ ಅಂಜುತ್ತಾರೆ. ನಾನು ಏಳನೇ ಇಯತ್ತೆ ಕಲಿತವ, ಬಂದೂಕು ರಿಪೇರಿ ಮಾಡುವವನೂ ಅಲ್ಲ. ಆದರೆ ನನ್ನ ಕೈಯಾರೆ ಒಂದು ತಪ್ಪು ಆಗಿದೆ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

2016ರಲ್ಲಿ ನಮ್ಮಣ್ಣನ ಮಗ ಕಾಲೇಜಿಗೆ ಹೋಗುತ್ತಿದ್ದ, ಎನ್‌ಸಿಸಿಯಲ್ಲಿದ್ದ. ಅಲ್ಲಿ ಪಾಯಿಂಟ್ ಟೂ-ಟೂ ರೈಫಲ್ಲಿನಿಂದ ಗುರಿ ಹೊಡೆಸಿದ್ದರು. ಮನೆಗೆ ಬಂದವನೇ ನಮ್ಮ ಬಂದೂಕಿನ ಟ್ರಿಗರ್ ಎಳೆದು ನೋಡಿ, "ಕಾಕಾ, ಇದು ಬಾವಿಯಿಂದ ಕೊಡ ಎಳದಂಗ ಐತಿ. ಅಲ್ಲಿದು ಬಳ್ಳ ಇಟ್ರ ಸಾಕು" ಅಂದ. ನನಗೂ ಹೌದೆನಿಸಿತು. ಕಬ್ಬಿಣದ ಕೆಲಸ ಬಲ್ಲ ಒಬ್ಬರ ಕಡೆ ಒಯ್ದೆ. ಅವರು ಬೇಡ ಬೇಡ ಅಂದರೂ ನಾನೇ ಒತ್ತಾಯ ಮಾಡಿ ಒಳಗಿನ ಹಲ್ಲಿಗೆ ಅರ ಹಾಕಿಸಿದೆ. ಟ್ರಿಗರ್ ಬೆಣ್ಣೆಯಾಯಿತು. ಇಬ್ಬರೂ ಖುಷಿಪಟ್ಟೆವು.

ಮರುವರ್ಷ ಪುಷ್ಯ ಮಾಸದ ಒಂದು ರಾತ್ರಿ, ಜೋಳ ಹಾಲುಗಾಳಿನಲ್ಲಿತ್ತು. ಕೇಪು ಇಟ್ಟು, ಕುದುರಿ ಅರ್ಧಕ್ಕೆ ಎಳೆದು, ಬಂದೂಕನ್ನು ಅಟ್ಟಕ್ಕೆ ಆನಿಸಿ ಇಟ್ಟಿದ್ದೆ. ಹುಡುಗ ಕಂಬಳಿ ಎಳೆದುಕೊಂಡ. ಕಂಬಳಿಯ ಅಂಚು ಕುದುರಿಗೆ ಸಿಕ್ಕಿತೋ, ಬಂದೂಕು ಜಾರಿ ಗೂಟಕ್ಕೆ ಬಡಿಯಿತೋ, ಇವತ್ತಿಗೂ ತಿಳಿಯದು. ಹಾರಿಬಿಟ್ಟಿತು. ಒಳಗೆ ಗುಂಡು ಇರಲಿಲ್ಲ, ಮದ್ದು ಮತ್ತು ಅರಿವಿ ಚಿಂದಿ ಮಾತ್ರ. ನಳಿಗೆಯ ಬಾಯಿ ಅವನ ಕಿವಿಯಿಂದ ಒಂದು ಗೇಣು ದೂರ ಇತ್ತು. ಗಲ್ಲದ ಸುಟ್ಟ ಗಾಯ ಮಾಯ್ದಿತು. ಎಡಗಿವಿ ಇನ್ನೂ ಸರಿಯಾಗಿ ಕೇಳುವುದಿಲ್ಲ. ನಾನು ಕರೆದರೆ ಬಲಕ್ಕೆ ಹೊರಳಿ ನೋಡುತ್ತಾನೆ.

ಈಗ ಒಳಗೆ ಏನಿದೆ ನೋಡೋಣ. ಹೊರಗೆ ಕಾಣುವ, ಕೇಪಿಗೆ ಬಡಿಯುವ ತುಂಡಿಗೆ ನಮ್ಮಲ್ಲಿ ಕುದುರಿ ಅಂತಾರ. ಅದರ ಒಳಬದಿಗೆ, ಕಬ್ಬಿಣದ ಪಟ್ಟಿಯ ಹಿಂದೆ, ದುಂಡನೆಯ ಒಂದು ತುಂಡು ಇದೆ. ಕುದುರಿ ತಿರುಗಿದರೆ ಅದೂ ತಿರುಗುತ್ತದೆ. ಅದರ ಅಂಚಿಗೆ ಎರಡು ಕಚ್ಚು. ಮೊದಲನೆಯದು ಆಳದ್ದು, ಅದು ಅರ್ಧ ಕುದುರಿಯದು. ಎರಡನೆಯದು ಮೇಲುಮೇಲಿನದು, ಪೂರ್ತಿ ಕುದುರಿಯದು. ಈ ಕಚ್ಚಿಗೆ ಬಂದು ಕೂಡುವ ಒಂದು ಹಲ್ಲು ಇದೆ. ಹಲ್ಲಿಗೆ ಹಿಂದೆ ಒಂದು ಬಾಲ. ಟ್ರಿಗರ್ ಎಳೆದರೆ ಅದು ಈ ಬಾಲವನ್ನು ಮೇಲೆ ಎತ್ತುತ್ತದೆ, ಹಲ್ಲು ಕಚ್ಚಿನಿಂದ ಹೊರಬೀಳುತ್ತದೆ, ದೊಡ್ಡ ಸ್ಪ್ರಿಂಗು ಕುದುರಿಯನ್ನು ಬಡಿಯುತ್ತದೆ. ಇಷ್ಟೇ. ಟ್ರಿಗರ್ ಬರೀ ಒಂದು ಸನ್ನೆ. ಅದು ಕೆಡುವುದು ಕಡಿಮೆ, ಕೆಡುವುದು ಅದರ ಹಿಂದಿನ ಹಲ್ಲು ಮತ್ತು ಕಚ್ಚು.

ಅರ್ಧ ಕುದುರಿಯ ಕಚ್ಚು ಆಳ ಇರುವುದು ಯಾಕೆಂದರೆ, ಅಲ್ಲಿ ಹಲ್ಲು ಕೂತರೆ ಟ್ರಿಗರ್ ಎಷ್ಟು ಎಳೆದರೂ ಬಿಡಬಾರದು. ನಾನು ಹಲ್ಲನ್ನೇ ತೆಳ್ಳಗೆ, ದುಂಡಗೆ ಮಾಡಿಸಿದ್ದೆ. ಪೂರ್ತಿ ಕುದುರಿಗೆ ಹಗುರಾಯಿತು ಅಂತ ಹಿಗ್ಗಿದೆವು, ಅರ್ಧಕ್ಕೆ ಹಿಡಿತ ಹೋದದ್ದು ನೋಡಲಿಲ್ಲ.

ಸ್ಪರ್ಧೆಯ ರೈಫಲ್ಲಿಗೆ ಹಗುರ ಟ್ರಿಗರ್ ಬೇಕು, ನಿಜ. ಆದರೆ ಅಲ್ಲಿ ಹೊಡೆಯುವವ ಗೆರೆಯ ಮೇಲೆ ನಿಂತು, ಬಾಯಿ ಗುರಿಯ ಕಡೆಗೇ ಇಟ್ಟು, ಆಗಷ್ಟೇ ತುಂಬುತ್ತಾನೆ. ಅಂಥಲ್ಲಿಯೂ ಹತ್ತು ಮೀಟರ್ ಏರ್ ಪಿಸ್ತೂಲಿನ ಸ್ಪರ್ಧೆಗೆ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಲೇಬೇಕೆಂಬ ನಿಯಮವಿದೆ, ಕಲ್ಲು ತೂಗಹಾಕಿ ನೋಡುತ್ತಾರೆ. ನಮ್ಮದು ಕತ್ತಲಲ್ಲಿ, ಬದುವಿನ ಮೇಲೆ, ಕಂಬಳಿ ಹೊದ್ದು ಹಿಡಿಯುವ ಬಂದೂಕು. ಗಡುಸಾಗಿಯೇ ಇರಬೇಕು.

ಪರೀಕ್ಷೆ ಮಾಡುವ ಮೊದಲು ಬಂದೂಕು ಖಾಲಿ ಇದೆಯೇ ನೋಡಬೇಕು. ಮೊದಲು ಕೇಪು ತೆಗೆಯಿರಿ. ನಳಿಗೆಯೊಳಗೆ ಕಣ್ಣು ಹಾಕಬೇಡಿ. ಖಾಲಿ ಇದ್ದಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಅದರ ಮೇಲೆ ಒಂದು ಗೆರೆ ಕೊರೆದಿಟ್ಟುಕೊಂಡಿರಿ. ಯಾವಾಗ ಅನುಮಾನ ಬಂದರೂ ಗಜ ಇಳಿಸಿ. ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದು ಇದೆ ಎಂದೇ ಅರ್ಥ. "ನಾನ ಖಾಲಿ ಮಾಡಿಟ್ಟೀನಿ" ಎಂಬ ಮಾತನ್ನು ಅಪ್ಪ ಹೇಳಿದರೂ ನಂಬಬಾರದು.

ಖಾಲಿ ಎಂದು ಖಾತ್ರಿಯಾದ ಮೇಲೆ ಕೇಪು ಇಡುವ ನಿಪ್ಪಲಿನ ಮೇಲೆ ಒಂದು ಚರ್ಮದ ತುಂಡು ಇಡಿ, ಇಲ್ಲದಿದ್ದರೆ ಕುದುರಿ ಬಡಿದು ನಿಪ್ಪಲ್ ಚಪ್ಪಟೆಯಾಗುತ್ತದೆ. ಕುದುರಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಎರಡು ಸಪ್ಪಳ ಕೇಳಬೇಕು, ಟಿಕ್, ಟಿಕ್. ಎರಡೂ ಚೊಕ್ಕ ಇರಬೇಕು. ಸಪ್ಪಳ ಮಂದವಾದರೆ ಒಳಗೆ ಹೊಲಸು ಇದೆ, ಇಲ್ಲವೇ ಹಲ್ಲನ್ನು ಒತ್ತುವ ಸಣ್ಣ ಸ್ಪ್ರಿಂಗು ಸೋತಿದೆ. ಅರ್ಧ ಕುದುರಿಯಲ್ಲಿ ಟ್ರಿಗರನ್ನು ಬಿಗಿಯಾಗಿ ಎಳೆಯಿರಿ, ಬಿಡಬಾರದು. ಪೂರ್ತಿ ಕುದುರಿಯಲ್ಲಿ ಟ್ರಿಗರ್ ಮುಟ್ಟದೆ ಕುದುರಿಯ ಬೆನ್ನನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿರಿ, ಆಗಲೂ ಬಿಡಬಾರದು. ಎರಡರಲ್ಲಿ ಒಂದು ತಪ್ಪಿದರೂ ಆ ಬಂದೂಕನ್ನು ಆವತ್ತೇ ಪೆಟ್ಟಿಗೆಯಲ್ಲಿಡಿ, ರಿಪೇರಿಯಾಗುವವರೆಗೆ ಹೊಲಕ್ಕೆ ತರಬೇಡಿ.

ಇನ್ನು ಟ್ರಿಗರ್ ಅತಿ ಗಡುಸಾಗುವ ರೋಗ. ಎಲ್ಲರೂ ಅರ ಹುಡುಕುವುದು ಇದಕ್ಕೇ. ನಮ್ಮದು ಗಡುಸಾಗಿದ್ದಕ್ಕೆ ಕಾರಣ ಬೇರೆಯೇ ಇತ್ತು, ಅದು ಗೊತ್ತಾದದ್ದು ಅನಾಹುತ ಆದ ಮೇಲೆ. ಬನಹಟ್ಟಿಯಲ್ಲಿ ನಮ್ಮ ಬೀಗರಿದ್ದಾರೆ, ನಾಲ್ಕು ಪಾವರ್‌ಲೂಮ್ ಇಟ್ಟವರು, ಮಗ್ಗ ಕೆಟ್ಟರೆ ತಾವೇ ಬಿಚ್ಚುತ್ತಾರೆ. ಹುಡುಗನನ್ನು ನೋಡಲು ಬಂದಾಗ ಕೇಳಿದರು, "ಎಣ್ಣಿ ಯಾವುದು ಬಿಡತೀರಿ ಬೀಗರ?" "ಮನ್ಯಾಗಿನ ಕುಸುಬಿ ಎಣ್ಣಿ" ಅಂದೆ. ಅವರು ನಕ್ಕರು. "ಕುಸುಬಿ ಎಣ್ಣಿ ಉಣ್ಣಾಕ ಛಲೋ. ಗಾಳಿಗೆ ಅದು ಒಣಗಿ ಅಂಟು ಆಗತೈತಿ. ಮಗ್ಗದ ಗಾಲಿ ಹಿಡಿಯೋ ನಾಲಿಗಿಗೆ ಅದನ್ನ ಬಿಟ್ರ ಎರಡ ತಿಂಗಳಾಗ ನಾಲಿಗಿ ಏಳೂದಿಲ್ಲ."

ಅದು ಸತ್ಯ. ಕುಸುಬಿ, ಅಗಸಿ ಎರಡೂ ಒಣಗಿ ಪದರ ಕಟ್ಟುವ ಎಣ್ಣೆಗಳು. ಅಗಸಿ ಎಣ್ಣೆಯನ್ನು ಹಿಂದಿನ ಕಟ್ಟಿಗೆಗೆ ತಿಕ್ಕಬಹುದು, ಒಳ್ಳೆಯದೇ. ಒಳಗಿನ ಹಲ್ಲಿಗೆ ಮಾತ್ರ ಬೇಡ. ಅಪ್ಪ ಬಿಟ್ಟ ಎಣ್ಣೆ, ಅದರ ಮೇಲೆ ನಾನು ಬಿಟ್ಟದ್ದು, ಅದಕ್ಕೆ ಎರಿ ಮಣ್ಣಿನ ಧೂಳು, ಮದ್ದಿನ ಮಸಿ, ಎಲ್ಲಾ ಕೂಡಿ ಕಾಕಂಬಿಯಂತಾಗಿತ್ತು. ತೊಳೆದಿದ್ದರೆ ಸಾಕಿತ್ತು. ಅರ ಬೇಕಿರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಕುದುರಿಯನ್ನು ಅರ್ಧಕ್ಕೆ ಇಟ್ಟು, ಪಕ್ಕದ ಸ್ಕ್ರೂ ಸಡಿಲಿಸಿ, ಕಟ್ಟಿಗೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ಪಟ್ಟಿಯನ್ನು ಹೊರಗೆ ತೆಗೆಯುತ್ತೇನೆ. ಅಲ್ಲಿಂದ ಮುಂದೆ ಒಂದು ತುಂಡನ್ನೂ ಬಿಚ್ಚುವುದಿಲ್ಲ. ಸೀಮೆಎಣ್ಣೆ ಸಿಗುವುದು ಕಷ್ಟವಾದ್ದರಿಂದ ಸ್ವಲ್ಪ ಡೀಸೆಲ್ಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜುತ್ತೇನೆ, ಅರಿವಿಯಿಂದ ಒರೆಸಿ ನೆರಳಲ್ಲಿ ಒಣಗಿಸುತ್ತೇನೆ. ಆಮೇಲೆ ಹೊಲಿಗೆ ಮಶೀನಿನ ಎಣ್ಣೆ, ಕಡ್ಡಿಯ ತುದಿಯಿಂದ ತಿರುಗುವ ಜಾಗಕ್ಕೆ ಒಂದೊಂದು ಹನಿ. ಹೆಚ್ಚಾದರೆ ಧೂಳು ಹಿಡಿಯುತ್ತದೆ. ಪಟ್ಟಿ ಹೊರಗಿರುವಾಗ ಕುದುರಿಯನ್ನು ಫಟ್ಟನೆ ಬಿಡಬಾರದು, ತಡೆಯಲು ನಿಪ್ಪಲ್ ಇಲ್ಲದ್ದರಿಂದ ಒಳಗಿನ ತುಂಡು ಒಡೆಯಬಹುದು. ಹಾರಿಸಿದ ಮೇಲೆ ಮಾತ್ರ ಮರುದಿನಕ್ಕೆ ಬಿಡಬೇಡಿ. ಮದ್ದಿನ ಮಸಿ ಪಸೆ ಎಳೆಯುತ್ತದೆ, ಬೆಳಗಾಗುವುದರಲ್ಲಿ ಜಂಗು. ನಳಿಗೆಯನ್ನು ಬಿಸಿನೀರಿನಿಂದಲೇ ತೊಳೆದು ಚೆನ್ನಾಗಿ ಒಣಗಿಸಿ ಎಣ್ಣೆ ಸವರಬೇಕು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಕಟ್ಟಿಗೆ ಉಬ್ಬಿ ಹಲ್ಲಿನ ಬಾಲಕ್ಕೆ ಒತ್ತುತ್ತದೆ. ಪಕ್ಕಕ್ಕೆ ಒತ್ತಿದರೆ ಟ್ರಿಗರ್ ಗಡುಸು. ಕೆಳಗಿನಿಂದ ತಾಗಿದರೆ ಅದು ಅಪಾಯ, ಬಾಲ ಇಳಿಯದೆ ಹಲ್ಲು ಕಚ್ಚಿನಲ್ಲಿ ಆಳಕ್ಕೆ ಕೂಡುವುದಿಲ್ಲ. ಗುರುತಿಸುವುದು ಸುಲಭ. ಪಕ್ಕದ ಸ್ಕ್ರೂ ಅರ್ಧ ಸುತ್ತು ಸಡಿಲಿಸಿದಾಗ ಟ್ರಿಗರ್ ಸರಿಯಾದರೆ ದೋಷ ಕಟ್ಟಿಗೆಯದು, ಇಲ್ಲವೇ ಸ್ಕ್ರೂ ಅತಿ ಬಿಗಿಯಾದದ್ದು. ನಮ್ಮ ಜನಕ್ಕೆ ಯಾವ ಸ್ಕ್ರೂ ಕಂಡರೂ ಜೀವ ಹೋಗುವವರೆಗೆ ಬಿಗಿಯುವ ಚಟ. ಸಡಿಲಿಸಿ ನೋಡುವುದು ದೋಷ ಕಂಡುಹಿಡಿಯಲಿಕ್ಕೆ ಮಾತ್ರ, ಹಾಗೆಯೇ ಬಿಟ್ಟು ಹಾರಿಸಬೇಡಿ.

ಹಲ್ಲು, ಕಚ್ಚು, ಸ್ಪ್ರಿಂಗು ಸವೆದಿದ್ದರೆ ಅದು ನಮ್ಮ ಕೆಲಸವಲ್ಲ. 1959ರ ಆಯುಧ ಕಾಯಿದೆಯಂತೆ ಬಂದೂಕು ರಿಪೇರಿಯ ಉದ್ಯೋಗಕ್ಕೂ ಪರವಾನಗಿ ಬೇಕು. ನಾನು ಕಡೆಗೆ ಅಂಥವರ ಹತ್ತಿರವೇ ಹೋಗಿ ಹಲ್ಲು ಬದಲಿಸಿದೆ. ಒಯ್ಯುವಾಗ ಪರವಾನಗಿ ಪುಸ್ತಕ ಜೊತೆಗಿರಲಿ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರರಿಂದ ಐದು ವರ್ಷವಾಗಿದೆ, ತಾರೀಖು ಮರೆಯಬೇಡಿ. ಯಡಹಳ್ಳಿ ಚಿಂಕಾರ ಧಾಮದಿಂದ ಹತ್ತು ಕಿಲೋಮೀಟರಿನೊಳಗೆ ಇರುವ ನಮ್ಮ ಬೀಳಗಿ, ಮುಧೋಳ ತಾಲೂಕಿನವರು ಬಂದೂಕು ಇದ್ದರೆ ಅರಣ್ಯ ಇಲಾಖೆಯಲ್ಲಿಯೂ ಹೆಸರು ನೋಂದಾಯಿಸಬೇಕೆಂದು ವನ್ಯಜೀವಿ ಕಾಯಿದೆ ಹೇಳುತ್ತದೆ. ಧಾಮದೊಳಗೆ ಒಯ್ಯುವುದಂತೂ ಅನುಮತಿ ಇಲ್ಲದೆ ಸಲ್ಲದು. ಹೊಲದಲ್ಲಿಯೂ ನಾವು ಸಪ್ಪಳ ಮಾಡಿ ಓಡಿಸುವುದಷ್ಟೇ. 1857ರಲ್ಲಿ ಹತ್ಯಾರ ಕೊಡುವುದಿಲ್ಲವೆಂದು ಮುಧೋಳ ಸೀಮೆಯ ಹಲಗಲಿ ಬೇಡರು ಇಂಗ್ಲಿಷರ ಮೇಲೆ ತಿರುಗಿಬಿದ್ದರು, ಊರೇ ಸುಟ್ಟುಹೋಯಿತು. ಅಂಥ ನೆಲದವರು ನಾವು, ಹತ್ಯಾರದ ಮೇಲೆ ಅಭಿಮಾನ ಇದ್ದದ್ದೇ. ಅದನ್ನು ಒರೆಸಿಡುವ ಅಭಿಮಾನ ಮಾತ್ರ ಕಡಿಮೆ.

ಕೊನೆಗೆ ಚುನಾವಣೆಯ ಮಾತು. ಚುನಾವಣೆ ಬಂದರೆ ಬಂದೂಕು ಠಾಣೆಯಲ್ಲಿ ಇಡಬೇಕಾಗುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಅವಸರದಲ್ಲಿ ಒರೆಸದೆ ಒಯ್ದು ಕೊಟ್ಟೆ, ವಾಪಸು ತಂದಾಗ ಹಲ್ಲಿನ ಹತ್ತಿರ ಜಂಗು ಹಿಡಿದಿತ್ತು, ತಪ್ಪು ನನ್ನದೇ. 2024ರಲ್ಲಿ ತೊಳೆದು, ಎಣ್ಣೆ ಬಿಟ್ಟು, ಕುದುರಿ ಪೂರ್ತಿ ಇಳಿಸಿ, ನಿಪ್ಪಲಿಗೆ ಚರ್ಮ ಇಟ್ಟು, ಒಣ ಅರಿವಿಯಲ್ಲಿ ಸುತ್ತಿ ಕೊಟ್ಟೆ. ಚೀಟಿ ಬರೆಸಿಕೊಂಡೆ. ತಂದ ದಿನ ಅಂಗಳದಲ್ಲಿ ಕೂತು ಗಜ ಇಳಿಸಿ, ಎರಡು ಟಿಕ್ ಸಪ್ಪಳ ಕೇಳಿಸಿಕೊಂಡೆ. ಹುಡುಗನೂ ಪಕ್ಕದಲ್ಲಿ ಬಂದು ಕೂತ, ಬಲಗಿವಿ ನನ್ನ ಕಡೆ ಮಾಡಿ.