ಟ್ಯಾಪೆಟ್ ಕವರಿಗೆ ಮನೆಯಲ್ಲೇ ಬಣ್ಣ

ತೋಟದ ಜೀಪಿಗೆ ಹೊರಮೈ ಬಣ್ಣ ಹೊಡೆಸುವವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಬಾನೆಟ್ಟಿನ ಒಳಗಿರುವ ಎಂಜಿನ್ನಿನ ಮೈಯನ್ನು ನೋಡುವವರು ಕಡಿಮೆ. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಟ್ಯಾಪೆಟ್ ಕವರಿನ ಬಣ್ಣ ಎದ್ದು ತಗಡು ತುಕ್ಕು ಹಿಡಿದರೆ, ಮೊದಲು ಹಾಳಾಗುವುದು ಅಂಚು ಮತ್ತು ಬೋಲ್ಟಿನ ಸುತ್ತು. ಅಂಚು ಸವೆದರೆ ಪ್ಯಾಕಿಂಗ್ ಸರಿಯಾಗಿ ಕೂರದು, ಎಣ್ಣೆ ಜಿನುಗುತ್ತದೆ, ಧೂಳು ಒಳಗೆ ಸೇರುತ್ತದೆ. ಇದನ್ನು ತಡೆಯುವ ಕೆಲಸವನ್ನು ಬೆಳೆಗಾರರು ಮನೆಯಲ್ಲೇ ಮಾಡಿಕೊಳ್ಳಬಹುದು.

ತುಕ್ಕು ಏಕೆ ಬೇಗ ಹಿಡಿಯುತ್ತದೆ?

ಕಬ್ಬಿಣ ತುಕ್ಕಾಗಲು ಗಾಳಿ ಮತ್ತು ತೇವ ಎರಡೂ ಬೇಕು. ಗಾಳಿಯ ತೇವಾಂಶ ಶೇಕಡಾ 60ನ್ನು ದಾಟಿತೆಂದರೆ ತುಕ್ಕಿನ ವೇಗ ಹೆಚ್ಚುತ್ತದೆ. ಆಳಂದ ತಾಲ್ಲೂಕಿನ ಸರಸಂಬಾದಂತಹ ತೊಗರಿ, ಜೋಳದ ಒಣಸೀಮೆಯನ್ನು ತೆಗೆದುಕೊಳ್ಳಿ. ಕಲಬುರಗಿಯ ಆ ಭಾಗದಲ್ಲಿ ವರ್ಷದ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಅಲ್ಲಿ ಎಂಜಿನ್ನಿಗೆ ತುಕ್ಕಿಗಿಂತ ಎರೆಮಣ್ಣಿನ ಧೂಳಿನ ಕಾಟವೇ ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಲೆನಾಡಿನ ಶೆಡ್ಡಿನಲ್ಲಿ ನಿಂತ ಗಾಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ.

ನಮಗೆ ಇನ್ನೊಂದು ಶತ್ರು ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವಲ್ಲವೇ? ಕತ್ತಿಯ ಮೇಲೆ ಕೆಂಪಗೆ ತಾಮ್ರ ಕಟ್ಟಿದರೆ, ಅಷ್ಟು ಕಬ್ಬಿಣ ಕರಗಿತೆಂದೇ ಅರ್ಥ. ಮೈಲುತುತ್ತದ ನೀರು ಸಿಡಿದ ಎಂಜಿನ್ನಿನ ಮೇಲೂ ನಡೆಯುವುದು ಇದೇ ಕ್ರಿಯೆ. ಅಲ್ಯೂಮಿನಿಯಂ ಆದರೂ ಬಿಡುವುದಿಲ್ಲ. ಆದ್ದರಿಂದ ಔಷಧಿ ಹೊಡೆದ ದಿನವೇ ಸ್ಪ್ರೇಯರನ್ನೂ ಅದನ್ನು ಸಾಗಿಸಿದ ಗಾಡಿಯನ್ನೂ ಒಳ್ಳೆಯ ನೀರಿನಲ್ಲಿ ತೊಳೆಯತಕ್ಕದ್ದು.

ಬಿಚ್ಚುವುದು, ತೊಳೆಯುವುದು

ಎಂಜಿನ್ ಪೂರ್ತಿ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಿ. ಕವರಿನ ಸುತ್ತಲಿನ ಧೂಳನ್ನು ಬ್ರಷ್‌ನಿಂದ ಗುಡಿಸಿದ ನಂತರವೇ ಬೋಲ್ಟ್ ಬಿಚ್ಚಬೇಕು. ಕವರ್ ತೆಗೆದೊಡನೆ ತೆರೆದ ಭಾಗವನ್ನು ನೂಲು ಬಿಡದ ಶುಭ್ರ ಬಟ್ಟೆಯಿಂದ ಮುಚ್ಚಿರಿ. ಈಚಿನ ಕೆಲವು ಕಾರುಗಳಲ್ಲಿ ಈ ಕವರ್ ಪ್ಲಾಸ್ಟಿಕ್ಕಿನದಾಗಿರುತ್ತದೆ. ಅದನ್ನು ಬಣ್ಣದ ಗೋಜಿಗೆ ಹೋಗದೆ ಒರೆಸಿ ಇಟ್ಟರೆ ಸಾಕು.

ಇಡೀ ಕೆಲಸದ ಮುಕ್ಕಾಲು ಪಾಲು ತೊಳೆಯುವುದರಲ್ಲಿದೆ. ಎಣ್ಣೆಯ ಪಸೆ ಉಳಿದ ಕಡೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಸಿಪ್ಪೆಯಾಗಿ ಏಳುತ್ತದೆ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಜಿಡ್ಡು ತೆಗೆದು, ಆಮೇಲೆ ಸೋಪಿನ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಬಿಸಿಲಿನಲ್ಲಿ ಒಣಗಿಸಿರಿ. ಪೆಟ್ರೋಲ್ ಬಳಸಕೂಡದು, ಅದರ ಆವಿ ನೆಲ ಹಿಡಿದು ಹರಿದು ದೂರದ ಒಲೆಯಿಂದಲೂ ಬೆಂಕಿ ತಂದೀತು. ಅಲ್ಯೂಮಿನಿಯಂ ಕವರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಲೇಬಾರದು. ಅದು ಲೋಹವನ್ನೇ ತಿನ್ನುತ್ತದೆ, ಜೊತೆಗೆ ಉರಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ.

ಉಜ್ಜುವಾಗ ಎಚ್ಚರಿಕೆ

ಹಳೆಯ ಬಣ್ಣವನ್ನು 120 ನಂಬರಿನ ನೀರುಕಾಗದದಿಂದ ಉಜ್ಜಿ, 220ರಿಂದ ನಯ ಮಾಡಿರಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು. ನೀರು ಹಾಕಿಕೊಂಡೇ ಉಜ್ಜಿದರೆ ಧೂಳು ಏಳದು. ಮಕ್ಕಳನ್ನು ದೂರವಿಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಇಲ್ಲಿ ಬಹು ಮುಖ್ಯವಾದ ಮಾತೊಂದಿದೆ. ಕವರಿನ ಒಳಮೈಯಲ್ಲಿ ಎಣ್ಣೆ ತಡೆಯುವ ತಗಡಿನ ಹಿಂದೆ ಸಂದುಗಳಿರುತ್ತವೆ. ಉಜ್ಜಿದ ಪುಡಿ ಅಲ್ಲಿ ಉಳಿದರೆ ಎಣ್ಣೆಯೊಡನೆ ಇಳಿದು ಬೇರಿಂಗನ್ನು ಗೀರುತ್ತದೆ. ಚಿಕ್ಕ ಕವರಿನ ಅಂದಕ್ಕೆ ಹೋಗಿ ಎಂಜಿನ್ನನ್ನೇ ಬಿಚ್ಚಿಸುವ ಖರ್ಚು ಬಂದೀತು. ಆದ ಕಾರಣ ಮರಳು ಊದಿಸುವುದು ಬೇಡ. ಒಳಮೈಗೆ ಬಣ್ಣವೂ ಬೇಡ. ಉಜ್ಜಿದ ಮೇಲೆ ಮತ್ತೊಮ್ಮೆ ತೊಳೆದು, ಸಂದುಗಳಿಗೆ ಗಾಳಿ ಊದಿ, ಬಿಳಿ ಬಟ್ಟೆಯಿಂದ ಒರೆಸಿ ನೋಡಿರಿ. ಬಟ್ಟೆ ಬೆಳ್ಳಗೇ ಉಳಿಯಬೇಕು.

ಬಣ್ಣ ಹಚ್ಚುವ ಕ್ರಮ

ಪ್ಯಾಕಿಂಗ್ ಕೂರುವ ಅಂಚು, ಬೋಲ್ಟಿನ ತೂತು, ಎಣ್ಣೆ ಹಾಕುವ ಬಾಯಿ, ಉಸಿರು ಕೊಳವೆ, ಇವಿಷ್ಟನ್ನೂ ಅಂಟುಪಟ್ಟಿಯಿಂದ ಮುಚ್ಚಿರಿ. ಕಬ್ಬಿಣದ ತಗಡಿಗೆ ರೆಡ್ ಆಕ್ಸೈಡ್ ಪ್ರೈಮರ್, ಅಲ್ಯೂಮಿನಿಯಮ್ಮಿಗೆ ಆ ಲೋಹಕ್ಕೆಂದೇ ಮಾಡಿದ ಪ್ರೈಮರ್ ಬೇಕು. ಶಾಖ ತಡೆಯುವ ಕೆಲವು ಬಣ್ಣಗಳಿಗೆ ಪ್ರೈಮರ್ ಬೇಡ. ಡಬ್ಬಿಯ ಮೇಲಿನ ಸೂಚನೆಯನ್ನು ಓದಿ ನಡೆಯಿರಿ. ಎಂಜಿನ್ನಿನ ತಂಪು ನೀರು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ಆದ್ದರಿಂದ ಕವರಿಗೆ ಎಂಜಿನ್ ಬಣ್ಣ ಸಾಕು. ಹೊಗೆ ಹೋಗುವ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಕಾಯುತ್ತದೆ. ಅದಕ್ಕೆ ಹೆಚ್ಚಿನ ಶಾಖಕ್ಕೆಂದೇ ತಯಾರಾದ ಬಣ್ಣವಲ್ಲದೆ ಬೇರೆ ನಿಲ್ಲದು.

ಒಂದೇ ದಪ್ಪ ಪದರಕ್ಕಿಂತ ಎರಡು ತೆಳು ಪದರ ಲೇಸು. ಪವರ್ ಸ್ಪ್ರೇಯರಿನ ಎಂಜಿನ್ನಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅದರ ಸಿಲಿಂಡರಿನ ರೆಕ್ಕೆಗಳು ಗಾಳಿಗೆ ಶಾಖ ಬಿಡಬೇಕು. ದಪ್ಪ ಬಣ್ಣ ಮೆತ್ತಿದರೆ ಎಂಜಿನ್ ಕಾಯುತ್ತದೆ.

ಈ ಕೆಲಸಕ್ಕೆ ಮಾರ್ಚ್, ಏಪ್ರಿಲ್ ತಿಂಗಳು ಸೂಕ್ತ. ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದಿರುತ್ತದೆ, ಮುಂಗಾರಿನ ಔಷಧಿಗೆ ಇನ್ನೂ ಸಮಯವಿರುತ್ತದೆ. ಮಳೆಗಾಲದಲ್ಲಿ ಹೊಡೆದ ಬಣ್ಣ ತೇವ ಹೀರಿ ಮಂಕಾಗುತ್ತದೆ.

ಜೋಡಿಸುವುದು

ಬಣ್ಣ ಪೂರ್ತಿ ಒಣಗಿದ ಮೇಲೆ ಮುಚ್ಚಿದ ಬಟ್ಟೆಯನ್ನು ಮರೆಯದೆ ತೆಗೆದು, ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಸಮನಾಗಿ ಬಿಗಿಯಿರಿ. ಅತಿಯಾಗಿ ಬಿಗಿದರೆ ತಗಡು ಬಾಗಿ ಅಲ್ಲಿಂದಲೇ ಸೋರುತ್ತದೆ. ಹತ್ತು ನಿಮಿಷ ಎಂಜಿನ್ ಓಡಿಸಿ ಅಂಚನ್ನು ಪರೀಕ್ಷಿಸಿರಿ.

ಬಣ್ಣ ಆರಿಸುವಾಗ ಬೆಳ್ಳಿ ಅಥವಾ ತಿಳಿಬೂದು ಬಣ್ಣವನ್ನೇ ಆರಿಸುವುದು ಉತ್ತಮ. ಕಪ್ಪು ಮೈಯ ಮೇಲೆ ಎಣ್ಣೆಯ ಗೆರೆ ಕಾಣದು. ತಿಳಿಬಣ್ಣದ ಮೇಲೆ ಮೊದಲ ಹನಿಯೇ ಕಣ್ಣಿಗೆ ಬೀಳುತ್ತದೆ, ಚಿಕ್ಕ ರಿಪೇರಿಯಲ್ಲೇ ಕೆಲಸ ಮುಗಿಯುತ್ತದೆ.