ರಿವೆಟ್ಟಿಲ್ಲದ ರೆಕ್ಕೆ, ಅಂಟಿನ ಆಯುಷ್ಯ

ತೇಜಸ್ ಯುದ್ಧವಿಮಾನದ ಬಾಲದಲ್ಲಿ ನೆಟ್ಟಗೆ ನಿಂತಿರುವ ರೆಕ್ಕೆಯನ್ನು ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಎನ್‌ಎಎಲ್. ಅದರ ಹೊದಿಕೆಯೂ ಒಳಗಿನ ಪಟ್ಟಿಗಳೂ ಕಾರ್ಬನ್ ನಾರಿನವು. ಬಿಡಿಬಿಡಿಯಾಗಿ ಮಾಡಿ ರಿವೆಟ್ಟು ಹೊಡೆಯುತ್ತಾ ಹೋಗುವ ಬದಲು, ಆಟೊಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸಿ ಅವನ್ನು ಒಂದಕ್ಕೊಂದು ಅಂಟಿಸಿ ಒಂದೇ ಮೈಯಾಗಿಸುತ್ತಾರೆ. ತೇಜಸ್ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ 45ರಷ್ಟು ಇಂಥ ಕಾಂಪೊಸಿಟ್ ವಸ್ತುವೇ.

ತೂತು ಕೊರೆದು ಬೋಲ್ಟು ಬಿಗಿದರೆ ಮುಗಿಯಿತಲ್ಲ, ಅಂಟಿನ ಗೊಡವೆ ಯಾಕೆ? ಎಳೆತಕ್ಕೆ ಸಿಕ್ಕ ಅಲ್ಯೂಮಿನಿಯಂ ತಗಡಿನಲ್ಲಿ ದುಂಡನೆಯ ತೂತಿದ್ದರೆ ಅದರ ಅಂಚಿನ ಮೇಲೆ ಬೀಳುವ ಒತ್ತಡ ಸುಮಾರು ಮೂರು ಪಟ್ಟು. ಬಿರುಕು ಹುಟ್ಟುವುದು ಅಲ್ಲೇ. ಕಾರ್ಬನ್ ಹಲಗೆಯಲ್ಲಿ ತೂತು ಇನ್ನೂ ದುಬಾರಿ. ಭಾರ ಹೊರುವ ನಾರೇ ತುಂಡಾಗುತ್ತದೆ. ಅಲ್ಯೂಮಿನಿಯಂ ಆದರೂ ತುಸು ಬಾಗಿ ಪಕ್ಕದ ಬೋಲ್ಟಿಗೆ ಭಾರ ದಾಟಿಸೀತು. ಕಾರ್ಬನ್ನಿಗೆ ಆ ಗುಣವಿಲ್ಲ. ಜೊತೆಗೆ, ಕಾರ್ಬನ್ ತಾಗಿದ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಅದಕ್ಕೇ ಇಂಥ ಕಡೆ ಟೈಟಾನಿಯಂ ಬೋಲ್ಟು ಬಳಸುತ್ತಾರೆ, ನಡುವೆ ಗಾಜಿನ ನಾರಿನ ಒಂದು ಪದರ ಹಾಸುತ್ತಾರೆ.

ಅಂಟು ಭಾರವನ್ನು ಇಡೀ ಅಗಲಕ್ಕೆ ಹಂಚುತ್ತದೆ, ಆದರೆ ಸಮನಾಗಿ ಅಲ್ಲ. ಜೋಡಣೆಯ ಎರಡು ತುದಿಗಳೇ ಹೆಚ್ಚು ದುಡಿಯುತ್ತವೆ, ನಡುಭಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹೀಗಾಗಿ ಒಂದರ ಮೇಲೊಂದು ಹೊದಿಸುವ ಉದ್ದವನ್ನು ಇಮ್ಮಡಿ ಮಾಡಿದರೆ ಬಲ ಇಮ್ಮಡಿಯಾಗದು. ಉದ್ದಕ್ಕೆ ಎಳೆದಾಗ ಜಗ್ಗದ ಅಂಟು, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ತುದಿಯಿಂದ ಎತ್ತಿದರೆ ಸುಲಭವಾಗಿ ಬಿಟ್ಟುಕೊಡುತ್ತದೆ.

ಲೋಹಕ್ಕೆ ಲೋಹವನ್ನು ನೆಚ್ಚಿಕೆಯಿಂದ ಅಂಟಿಸುವ ದಾರಿ ತೆರೆದದ್ದು ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿ. ನಾರ್ಮನ್ ಡಿ ಬ್ರೂಯ್ನ್ ಮತ್ತು ಸಂಗಡಿಗರು 1941ರಲ್ಲಿ ರೆಡಕ್ಸ್ ಎಂಬ ಅಂಟನ್ನು ಸಿದ್ಧಪಡಿಸಿದರು. ಗಟ್ಟಿಯಾದರೂ ಪೆಡಸಾದ ಫೀನಾಲಿಕ್ ರಾಳವನ್ನು ಬಳಿದು, ಅದರ ಮೇಲೆ ಜಿಗುಟು ಗುಣದ ಪ್ಲಾಸ್ಟಿಕ್ ಪುಡಿ ಉದುರಿಸಿ, ಒತ್ತಿ ಕಾಯಿಸುವ ಉಪಾಯ ಅದು. ಕಾಮೆಟ್ ಜೆಟ್ ವಿಮಾನದಲ್ಲೂ ಇದೇ ಅಂಟು ಇತ್ತು.

ನನ್ನ ಮಟ್ಟಿಗೆ ಈ ಕಸುಬಿನ ನಿಜವಾದ ಜಾಣ್ಮೆ ಅಂಟಿನ ಡಬ್ಬಿಯಲ್ಲಿಲ್ಲ, ಅಂಟುವ ಮೈಯನ್ನು ಅಣಿಗೊಳಿಸುವುದರಲ್ಲಿದೆ. ಮೊದಲು ಜಿಡ್ಡು ತೆಗೆಯಬೇಕು. ಆಮೇಲೆ ಅಲ್ಯೂಮಿನಿಯಮ್ಮನ್ನು ಆಮ್ಲದಲ್ಲಿಟ್ಟು ವಿದ್ಯುತ್ ಹರಿಸಿ, ತೇವಕ್ಕೆ ಜಗ್ಗದ ಆಕ್ಸೈಡ್ ಪದರ ಬೆಳೆಸಬೇಕು. ತೊಳೆದ ತಗಡಿನ ಮೇಲೆ ನೀರು ಒಡೆಯದ ತೆಳುಪರದೆಯಾಗಿ ನಿಂತರೆ ಮೈ ಶುಚಿಯಾಗಿದೆ ಎಂದರ್ಥ. ಹನಿಹನಿಯಾಗಿ ಕೂತರೆ ಮತ್ತೆ ಮೊದಲಿನಿಂದ. ಹಾಳೆಯಂತೆ ಬರುವ ಅಂಟು ಫ್ರೀಜರಿನಲ್ಲೇ ಇರಬೇಕು. ಹೊರತೆಗೆದಾಗ ತಣ್ಣಗಿನ ಹಾಳೆಯ ಮೇಲೆ ಗಾಳಿಯ ತೇವ ಕೂರುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಕಾಯದೆ ಹೊದಿಕೆ ಬಿಚ್ಚಿದರೆ ಆ ತೇವವೂ ಜೋಡಣೆಯೊಳಗೆ ಸೇರಿಕೊಳ್ಳುತ್ತದೆ. ಅವಸರ ಮಾಡಿ ಅಂಟಿಸಿದ ಜೋಡಣೆಯೂ ಮೊದಲ ದಿನದ ಪರೀಕ್ಷೆಯಲ್ಲಿ ಪಾಸಾಗಬಹುದು. ಅದರ ಬಣ್ಣ ಬಯಲಾಗುವುದು ವರ್ಷಗಳ ಮಳೆ, ಬಿಸಿಲು, ಉಪ್ಪುಗಾಳಿ ಕಳೆದ ಮೇಲೆ.

ಹವಾಯಿಯಲ್ಲಿ 1988ರ ಏಪ್ರಿಲ್ 28ರಂದು ಆದದ್ದು ಅದೇ. ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ ಸುಮಾರು 24,000 ಅಡಿ ಎತ್ತರದಲ್ಲಿ 18 ಅಡಿಯಷ್ಟು ಉದ್ದಕ್ಕೆ ಕಿತ್ತುಹೋಯಿತು. ವಿಮಾನ ಇಳಿಯಿತು, 94 ಮಂದಿ ಬದುಕಿದರು, ಗಗನಸಖಿಯೊಬ್ಬರು ತೀರಿಕೊಂಡರು. ಸುಮಾರು 90,000 ಸಲ ಹಾರಿದ್ದ ವಿಮಾನವದು. ತಗಡುಗಳ ನಡುವಿನ ಅಂಟು ಬಿಟ್ಟು ತೇವ ನುಗ್ಗಿತ್ತು, ಅಂಟು ಹೊರಬೇಕಿದ್ದ ಭಾರವೆಲ್ಲ ರಿವೆಟ್ಟುಗಳ ಮೇಲೆ ಬಿದ್ದಿತ್ತು. ರಿವೆಟ್ಟಿನ ತಲೆ ಕೂರಲೆಂದು ತೂತಿನ ಬಾಯನ್ನು ತೀರಾ ಆಳಕ್ಕೆ ಅಗಲಿಸಿದ್ದರಿಂದ ಅಂಚು ಚಾಕುವಿನ ಅಲಗಿನಷ್ಟು ತೆಳುವಾಗಿತ್ತು. ಅಲ್ಲಿಂದ ಹೊರಟ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು.

ಅಲ್ಟ್ರಾಸೌಂಡ್ ಹಿಡಿದು ನೋಡಿದರೆ ಅಂಟು ಬಿಟ್ಟ ಜಾಗ ಕಾಣುತ್ತದೆ. ತಾಗಿಕೊಂಡಿದ್ದರೂ ಹಿಡಿತವಿಲ್ಲದ ಅಂಟು ಅದಕ್ಕೆ ಸಿಗುವುದು ಕಷ್ಟ. ಅದಕ್ಕಾಗಿಯೇ ವಿಮಾನ ನಿರ್ಮಾಣದಲ್ಲಿ ಅಂಟಿನ ಜೊತೆಗೆ ಅಲ್ಲಲ್ಲಿ ಬೋಲ್ಟನ್ನೂ ಇಡುವ ರೂಢಿಯಿದೆ, ಒಂದು ಕಡೆ ಬಿಟ್ಟ ಅಂಟು ಮುಂದಕ್ಕೆ ಹರಡದೆ ಅಲ್ಲೇ ನಿಲ್ಲಲಿ ಎಂದು.

ಹಗುರ ವಾಹನಗಳ ಕಾಲವಿದು. ಕಾರು, ಬಸ್ಸು, ರೈಲು ಡಬ್ಬಿಗಳಿಗೂ ಈ ಅಂಟು ಬಂದಿದೆ. ನಮ್ಮ ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳು ವೆಲ್ಡಿಂಗ್ ಕಲಿಸುವಷ್ಟೇ ಶ್ರದ್ಧೆಯಿಂದ ತಗಡಿನ ಮೈ ತೊಳೆದು ಅಂಟಿಸುವುದನ್ನೂ ಮಕ್ಕಳ ಕೈಯಲ್ಲಿ ಮಾಡಿಸಿ ಕಲಿಸಬೇಕು.