‘ರೆಡಿ’ ಅನ್ನಲು ಎಷ್ಟು ಸಾಮಾನು ಬೇಕು?

ಲಿನಕ್ಸ್ ಸರ್ವರ್‌ನಲ್ಲಿ ಉಳಿದ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಮೇಸ್ತ್ರಿ ಸಿಸ್ಟಮ್‌ಡಿ. ಸಿದ್ಧವಾದ ಸೇವೆ ಅದಕ್ಕೆ ಸಾಕೆಟ್ ಮೂಲಕ ‘ರೆಡಿ=1’ ಅಂತ ಒಂದು ಚೀಟಿ ಕಳಿಸಿದರೆ ಆಯಿತು.

ಇಷ್ಟಕ್ಕೇ ಕೆಲವು ಲಿನಕ್ಸ್ ವಿತರಣೆಗಳು, ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ಗೆ ಲಿಬ್‌ಸಿಸ್ಟಮ್‌ಡಿ ಎಂಬ ದೊಡ್ಡ ಲೈಬ್ರರಿಯನ್ನೇ ಜೋಡಿಸಿದ್ದವು. ಅದರ ಬೆನ್ನಿಗೆ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಯೋಜನೆಯ ಲೈಬ್ರರಿಯೂ ಬಂತು. ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಅಡಗಿತ್ತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್, ಲಾಗಿನ್ ಯಾಕೆ ಅರ್ಧ ಸೆಕೆಂಡು ತಡ ಅಂತ ಬೆನ್ನುಹತ್ತಿ ಅದನ್ನು ಹಿಡಿದರು.

ನಮ್ಮಂಥ ಜೀವವಿಜ್ಞಾನಿಗಳಿಗೆ ಇದು ಪರಿಚಿತ ಕಥೆ: ಜೀವಕೋಶ ತನ್ನ ಕೆಲಸಕ್ಕಿಟ್ಟ ಗ್ರಾಹಕವನ್ನೇ ಹಿಡಿದು ವೈರಸ್ ಒಳನುಗ್ಗುತ್ತದೆ.

ಅದೇ ವರ್ಷ ಓಪನ್‌ಎಸ್‌ಎಸ್‌ಎಚ್ ತಂಡ, ಚೀಟಿ ಕಳಿಸುವ ಪುಟ್ಟ ಕೋಡನ್ನು ತಾನೇ ಸೇರಿಸಿಕೊಂಡಿತು. ದೊಡ್ಡ ಲೈಬ್ರರಿಯ ಹಂಗು ತಪ್ಪಿತು. ನಿಮ್ಮ ಪ್ರೋಗ್ರಾಂ ಏನೇನು ಹೊತ್ತು ತರುತ್ತಿದೆ, ಒಮ್ಮೆ ನೋಡಿ.